ಕರಾವಳಿಯ ಕ್ಯಾಥೊಲಿಕ್ ಮನೆತನದ ಅಜ್ಜಿ: ಚರ್ಚಿನ ದಫ್ತರ ಮತ್ತು ಮೌಖಿಕ ಪರಂಪರೆಗಳ ನಡುವೆ

ಪೀಠಿಕೆ

ಕನ್ನಡದಲ್ಲಿ ಜಾನಪದ ಅಧ್ಯಯನವು ಹೆಣ್ಣಿನ ದನಿಯಿಂದ ಆರಂಭವಾಯಿತೆಂದರೆ ತಪ್ಪಾಗಲಾರದು. 1931ರಲ್ಲಿ ಹಲಸಂಗಿಯ ಗೆಳೆಯರು ಹೊರತಂದ ‘ಗರತಿಯ ಹಾಡು’ ಸಂಕಲನವು ಬೀಸುವ ಕಲ್ಲಿನ ಮುಂದೆ ಕುಳಿತ ತಾಯಂದಿರ ತ್ರಿಪದಿಗಳನ್ನು ವಿದ್ವತ್ ಲೋಕದ ಮುಂದಿಟ್ಟಿತು. ಅಂದಿನಿಂದ ಇಂದಿನವರೆಗೆ ಬಯಲುಸೀಮೆಯ ಗರತಿ, ಮಲೆನಾಡಿನ ಗೃಹಿಣಿ, ತುಳುನಾಡಿನ ಪಾಡ್ದನಗಾರ್ತಿ ಮೊದಲಾದವರ ಕುರಿತು ವಿಪುಲವಾದ ಸಂಗ್ರಹ, ವಿಶ್ಲೇಷಣೆಗಳು ನಡೆದಿವೆ. ಆದರೆ ಇದೇ ನಾಡಿನ ಕರಾವಳಿಯಲ್ಲಿ ಶತಮಾನಗಳಿಂದ ನೆಲೆಸಿ, ಕೊಂಕಣಿಯಲ್ಲಿ ಮಾತನಾಡಿ, ಕನ್ನಡ ಲಿಪಿಯಲ್ಲಿ ಬರೆದು, ತುಳುವಿನಲ್ಲಿ ವ್ಯವಹರಿಸಿದ ಕ್ಯಾಥೊಲಿಕ್ ಕ್ರೈಸ್ತ ಸಮುದಾಯದ ಹಿರಿಯ ಹೆಂಗಸು ಈ ಗರತಿಯರ ಸಾಲಿನಲ್ಲಿ ಕಾಣಿಸಿಕೊಂಡದ್ದು ತೀರ ವಿರಳ.

ಅತ್ತ ಚರ್ಚಿನ ಇತಿಹಾಸಗಳಲ್ಲಿಯೂ ಆಕೆಗೆ ಸ್ಥಾನ ದೊರೆತಿಲ್ಲ. ಆ ಇತಿಹಾಸಗಳು ಬಿಷಪರ ನೇಮಕಾತಿ, ಚರ್ಚುಗಳ ಸ್ಥಾಪನೆ, ಕಾಲೇಜು ಆಸ್ಪತ್ರೆಗಳ ಬೆಳವಣಿಗೆಗಳನ್ನು ಕ್ರಮವಾಗಿ ನಿರೂಪಿಸುತ್ತವೆ. ಪ್ರತಿ ಭಾನುವಾರ ಮುಂಜಾನೆ ಗದ್ದೆಯ ಅಂಚಿನಲ್ಲಿ ನಡೆದು ಇಗರ್ಜಿ ತಲಪುತ್ತಿದ್ದ, ಪ್ರತಿ ಸಂಜೆ ಮನೆಮಂದಿಯನ್ನು ಪ್ರಾರ್ಥನೆಗೆ ಕೂಡಿಸುತ್ತಿದ್ದ, ಎಂಟು ಹತ್ತು ಮಕ್ಕಳನ್ನು ಹೆತ್ತು ಮೊಮ್ಮಕ್ಕಳನ್ನೂ ಸಾಕಿದ ಅಜ್ಜಿ ಅಲ್ಲಿ ‘ಭಕ್ತಜನರು’ ಎಂಬ ಬಹುವಚನದಲ್ಲಿ ಕರಗಿಹೋಗುತ್ತಾಳೆ.

ಈ ಅಜ್ಜಿಯ ದೀರ್ಘ ಬಾಳನ್ನು ಒಂದು ಚಾರಿತ್ರಿಕ ಆಕರವನ್ನಾಗಿ ಓದುವುದು ಪ್ರಸ್ತುತ ಲೇಖನದ ಉದ್ದೇಶ. ಇಲ್ಲಿ ಯಾವುದೇ ಒಬ್ಬ ವ್ಯಕ್ತಿಯ ಜೀವನಚರಿತ್ರೆಯನ್ನು ಹೇಳುತ್ತಿಲ್ಲ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಕೊಂಕಣಿ ಕ್ಯಾಥೊಲಿಕ್ ಸಮುದಾಯದಲ್ಲಿ ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಹುಟ್ಟಿದ ಹೆಂಗಸೊಬ್ಬಳ ಬಾಳಿನ ಸಾಮಾನ್ಯ ಚೌಕಟ್ಟನ್ನು ಜನನದಿಂದ ಮರಣದವರೆಗೆ ಅನುಸರಿಸಲಾಗಿದೆ. ಆಕೆ ಕೇವಲ ಧರ್ಮಶ್ರದ್ಧೆಯ ವ್ಯಕ್ತಿಯಲ್ಲ, ಸ್ವತಃ ಒಂದು ಸಂಸ್ಥೆಯೇ ಆಗಿದ್ದಳು. ಕಟ್ಟಡದ ಚರ್ಚು ಇಲ್ಲದ ಕಾಲದಲ್ಲಿಯೂ ಮನೆಯ ಚರ್ಚು ಉಳಿಯುವಂತಹ ವ್ಯವಸ್ಥೆ ಆಕೆಯ ನೆನಪಿನಲ್ಲಿತ್ತು ಎಂಬುದು ಇಲ್ಲಿನ ಪ್ರತಿಪಾದನೆ.

ಚಾರಿತ್ರಿಕ ಹಿನ್ನೆಲೆ

ಕರಾವಳಿಯ ಕೊಂಕಣಿ ಕ್ಯಾಥೊಲಿಕರ ಪೂರ್ವಿಕರು ಹದಿನಾರನೆಯ ಶತಮಾನದಿಂದ ಹದಿನೆಂಟನೆಯ ಶತಮಾನದವರೆಗೆ ಗೋವೆಯಿಂದ ಹಲವು ಅಲೆಗಳಲ್ಲಿ ದಕ್ಷಿಣಕ್ಕೆ ಬಂದವರು. 1560ರಲ್ಲಿ ಗೋವೆಯಲ್ಲಿ ಸ್ಥಾಪನೆಯಾದ ಧರ್ಮವಿಚಾರಣಾ ನ್ಯಾಯಮಂಡಳಿ, ಬರಗಾಲ, ರೋಗರುಜಿನ, ತೆರಿಗೆಯ ಭಾರ, ಮರಾಠರ ದಾಳಿಗಳು ಈ ವಲಸೆಗೆ ಕಾರಣಗಳೆಂದು ಇತಿಹಾಸಕಾರರು ಗುರುತಿಸಿದ್ದಾರೆ. ಬಂದವರಿಗೆ ಕೆಳದಿಯ ಅರಸರ ಆಳ್ವಿಕೆಯಲ್ಲಿ ಸಾಗುವಳಿಗೆ ಭೂಮಿ ದೊರೆಯಿತು. ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಕೆಳದಿ ಸಂಸ್ಥಾನಕ್ಕೂ ಪೋರ್ಚುಗೀಸರಿಗೂ ನಡೆದ ಒಪ್ಪಂದಗಳಲ್ಲಿ ಚರ್ಚು ಕಟ್ಟಲು ಅನುಮತಿಯೂ ಸೇರಿತ್ತು. ಮಂಗಳೂರಿನ ಮಿಲಾಗ್ರಿಸ್ ಚರ್ಚು 1680ರಲ್ಲಿ ಸ್ಥಾಪನೆಗೊಂಡಿತು.

ಹೀಗೆ ವಲಸೆ ಬಂದ ಕುಟುಂಬಗಳಲ್ಲಿ ಎರಡು ಬಗೆಯ ಆಸ್ತಿಯಿತ್ತು. ಮೊದಲನೆಯದು ಕ್ರೈಸ್ತ ಧರ್ಮ; ಎರಡನೆಯದು ಆ ಧರ್ಮಕ್ಕೂ ಮುಂಚಿನಿಂದ ಬಂದ ಕೊಂಕಣಿ ಭಾಷೆ ಹಾಗೂ ಗೃಹಾಚರಣೆಗಳು. ಗೋವೆಯಲ್ಲಿ ಈ ಎರಡನೆಯ ಆಸ್ತಿಯ ಮೇಲೆ ಅಧಿಕಾರಿಗಳ ಕಣ್ಣು ಬಿದ್ದಿತ್ತು. 1684ರಲ್ಲಿ ಅಲ್ಲಿನ ವೈಸರಾಯ್, ಸ್ಥಳೀಯರು ಮೂರು ವರ್ಷಗಳೊಳಗೆ ಪೋರ್ಚುಗೀಸ್ ಭಾಷೆಯನ್ನು ರೂಢಿಸಿಕೊಳ್ಳಬೇಕೆಂದು ಆಜ್ಞೆ ಹೊರಡಿಸಿದನು. 1736ರಲ್ಲಿ ಧರ್ಮವಿಚಾರಣಾ ಮಂಡಳಿಯು ಹೊರಡಿಸಿದ ಶಾಸನವು ಮದುವೆಯ ಸಂದರ್ಭದಲ್ಲಿ ‘ವೊವಿಯೊ’ ಹಾಡುವುದು, ವಧೂವರರಿಗೆ ಅರಿಶಿನ, ಹಾಲು, ತೆಂಗಿನೆಣ್ಣೆ ಲೇಪಿಸುವುದು, ವೀಳ್ಯ ಹಂಚುವುದು ಮೊದಲಾದವನ್ನು ನಿಷೇಧಿಸಿತು. ಈ ಪಟ್ಟಿಯನ್ನು ಜಾನಪದ ವಿದ್ಯಾರ್ಥಿ ಬೇರೊಂದು ದೃಷ್ಟಿಯಿಂದ ನೋಡಬೇಕು. ನಿಷೇಧಿಸಲ್ಪಟ್ಟ ಆಚರಣೆಗಳಲ್ಲಿ ಬಹುಪಾಲು ಮನೆಯ ಒಳಗೆ, ಹೆಂಗಸರ ಕೈಯಲ್ಲಿ, ಹಿರಿಯಳ ಮುಂದಾಳ್ತನದಲ್ಲಿ ನಡೆಯುತ್ತಿದ್ದವು. ಪೋರ್ಚುಗೀಸರ ಆಡಳಿತದ ಹೊರಗಿದ್ದ ಕೆನರಾ ಸೀಮೆಯಲ್ಲಿ ಅವು ಉಳಿದು ಬೆಳೆದವು. ಆದ್ದರಿಂದ ಕರಾವಳಿಯ ಕ್ಯಾಥೊಲಿಕ್ ಅಜ್ಜಿಯ ಬಾಳಿನಲ್ಲಿ ಚರ್ಚಿನ ಕುರಿತ ಅಪಾರ ನಿಷ್ಠೆಯೂ, ಚರ್ಚು ಒಮ್ಮೆ ಬೇಡವೆಂದದ್ದನ್ನು ಬಿಡದೆ ಕಾಪಾಡಿದ ದೃಢತೆಯೂ ಒಟ್ಟಿಗೆ ಸೇರಿಕೊಂಡಿವೆ.

ಎರಡನೆಯ ಪರೀಕ್ಷೆ 1784ರಲ್ಲಿ ಬಂದಿತು. ಎರಡನೆಯ ಆಂಗ್ಲೋ-ಮೈಸೂರು ಯುದ್ಧದಲ್ಲಿ ಈ ಸಮುದಾಯ ಇಂಗ್ಲಿಷರಿಗೆ ನೆರವಾಯಿತೆಂಬ ಆಪಾದನೆಯ ಮೇಲೆ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕರಾವಳಿಯ ಕ್ಯಾಥೊಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು; ಚರ್ಚುಗಳು ನೆಲಸಮವಾದವು. ಸೆರೆಯಾದವರ ಸಂಖ್ಯೆಯ ಬಗೆಗೆ ಮೂವತ್ತು ಸಾವಿರದಿಂದ ಎಂಬತ್ತು ಸಾವಿರದವರೆಗೆ ಭಿನ್ನ ಭಿನ್ನ ಅಂದಾಜುಗಳಿವೆ. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕವಷ್ಟೇ ಬದುಕುಳಿದವರು ಮರಳಿ ಬಂದರು. ಹದಿನೈದು ವರ್ಷವೆಂದರೆ ಒಂದು ಹೊಸ ತಲೆಮಾರು ಹುಟ್ಟಿ ಬೆಳೆಯುವ ಅವಧಿ. ಈ ಅವಧಿಯಲ್ಲಿ ಇಗರ್ಜಿಯಿರಲಿಲ್ಲ, ಕ್ರಮವಾದ ಪೂಜಾವಿಧಿಯಿರಲಿಲ್ಲ, ಧರ್ಮಶಿಕ್ಷಣದ ವ್ಯವಸ್ಥೆಯಿರಲಿಲ್ಲ. ಹಾಗಿದ್ದೂ ಮರಳಿ ಬಂದವರು ಪ್ರಾರ್ಥನೆಗಳನ್ನೂ ಹಬ್ಬಗಳನ್ನೂ ಉಪನಾಮಗಳನ್ನೂ ಸಂಬಂಧದ ನಿಯಮಗಳನ್ನೂ ಮರೆತಿರಲಿಲ್ಲ. ಇದಕ್ಕೆ ‘ಗುರ್ಕಾರ’ರೆಂಬ ವಾಡೆಯ ಮುಖ್ಯಸ್ಥರ ವ್ಯವಸ್ಥೆಯೂ ಒಂದು ಕಾರಣವೆಂದು ಹೇಳುವುದುಂಟು. ಆದರೆ ಗುರ್ಕಾರನ ಅಧಿಕಾರ ವಾಡೆಯ ಮಟ್ಟದ್ದು. ಎಳೆಯ ಮಗುವಿನ ಕೈಹಿಡಿದು ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿಸುವ ಕೆಲಸ ಮನೆಯೊಳಗಿನದು. ಲಿಖಿತ ದಾಖಲೆಯಿಲ್ಲದ ಈ ಹದಿನೈದು ವರ್ಷಗಳನ್ನು ಅರ್ಥಮಾಡಿಕೊಳ್ಳಲು ಮುಂದಿನ ತಲೆಮಾರುಗಳ ಅಜ್ಜಿಯರು ಮನೆಯಲ್ಲಿ ಏನು ಮಾಡುತ್ತಿದ್ದರೆಂಬುದನ್ನು ನೋಡಬೇಕಾಗುತ್ತದೆ.

ದಫ್ತರದಲ್ಲಿ ಅಜ್ಜಿ

1563ರಲ್ಲಿ ಮುಕ್ತಾಯಗೊಂಡ ಟ್ರೆಂಟ್ ಮಹಾಸಭೆಯು ಪ್ರತಿ ಧರ್ಮಕೇಂದ್ರವೂ ಜ್ಞಾನಸ್ನಾನ ಹಾಗೂ ವಿವಾಹಗಳ ದಫ್ತರವನ್ನು ಇಡಬೇಕೆಂದು ವಿಧಿಸಿತು. 1917ರ ಧರ್ಮಸಭಾ ಸಂಹಿತೆಯಲ್ಲಿ ಜ್ಞಾನಸ್ನಾನ, ದೃಢೀಕರಣ, ವಿವಾಹ, ಮರಣ ಎಂಬ ನಾಲ್ಕು ದಫ್ತರಗಳು ಕಡ್ಡಾಯವಾದವು. ನಮ್ಮ ಕರಾವಳಿಯಲ್ಲಿ 1784ರ ವಿನಾಶದ ಕಾರಣ ಅದಕ್ಕೂ ಹಿಂದಿನ ದಫ್ತರಗಳು ವಿರಳ. ಸಂಶೋಧಕನಿಗೆ ಅವಿಚ್ಛಿನ್ನವಾಗಿ ದೊರೆಯುವ ಸಾಮಗ್ರಿ ಮುಖ್ಯವಾಗಿ ಹತ್ತೊಂಬತ್ತನೆಯ ಶತಮಾನದಿಂದ ಈಚಿನದು.

ಈ ದಫ್ತರಗಳಲ್ಲಿ ಹೆಂಗಸೊಬ್ಬಳು ತನ್ನ ಹೆಸರಿನಲ್ಲಿ ನಾಲ್ಕು ಸಲ ಕಾಣಿಸಿಕೊಳ್ಳುತ್ತಾಳೆ. ಜ್ಞಾನಸ್ನಾನದ ದಾಖಲೆಯಲ್ಲಿ ಆಕೆ ಇಂಥವರ ಮಗಳು. ವಿವಾಹದ ದಾಖಲೆಯಲ್ಲಿ ಇಂಥವನ ಹೆಂಡತಿ. ಮರಣದ ದಾಖಲೆಯಲ್ಲಿ ಇಂಥವನ ವಿಧವೆ. 1908ರಿಂದ ಜಾರಿಗೆ ಬಂದ ನಿಯಮದಂತೆ ವಿವಾಹದ ವಿವರವನ್ನು ಜ್ಞಾನಸ್ನಾನದ ದಾಖಲೆಯ ಅಂಚಿನಲ್ಲಿಯೂ ಟಿಪ್ಪಣಿಯಾಗಿ ಬರೆಯಬೇಕಾಗಿತ್ತು. ಈ ಅಂಚಿನ ಟಿಪ್ಪಣಿ ಸ್ತ್ರೀಚರಿತ್ರೆಗೆ ಬಹು ಉಪಕಾರಿಯಾದುದು. ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಗಳು ತವರಿನ ದಫ್ತರದಿಂದ ಕಣ್ಮರೆಯಾಗದಂತೆ ಅದು ತಡೆಯುತ್ತದೆ. ಯಾವ ಊರಿನಿಂದ ಯಾವ ಊರಿಗೆ ಹೆಣ್ಣು ಕೊಡುತ್ತಿದ್ದರು, ಸಂಬಂಧದ ವ್ಯಾಪ್ತಿ ಎಷ್ಟು ದೂರದ್ದು ಎಂಬುದು ಅದರಿಂದ ತಿಳಿಯುತ್ತದೆ.

ಈ ನಾಲ್ಕರ ಹೊರತಾಗಿ ಆಕೆ ತಾಯಿಯಾಗಿ ಕಾಣಿಸಿಕೊಳ್ಳುವ ಸಾಲುಗಳಿವೆ. ಹೆತ್ತ ಪ್ರತಿ ಮಗುವಿನ ಜ್ಞಾನಸ್ನಾನದ ದಾಖಲೆಯಲ್ಲಿಯೂ ತಾಯಿಯ ಹೆಸರಿರುತ್ತದೆ. ಅವುಗಳನ್ನು ಮರಣದ ದಫ್ತರದೊಂದಿಗೆ ಹೋಲಿಸಿದರೆ ಎಷ್ಟು ಶಿಶುಗಳು ವರ್ಷ ತುಂಬುವ ಮೊದಲೇ ತೀರಿಕೊಂಡವು ಎಂಬ ದುಃಖದ ಲೆಕ್ಕವೂ ಸಿಗುತ್ತದೆ. ಸತ್ತ ಮಗುವಿನ ಹೆಸರನ್ನೇ ಮುಂದಿನ ಮಗುವಿಗೆ ಇಟ್ಟಿರುವ ಪ್ರಸಂಗ ಎದುರಾದಾಗ ಆ ಎರಡು ಸಾಲುಗಳ ನಡುವಿನ ತಾಯಿಯ ಮೌನವನ್ನು ದಫ್ತರ ಹೇಳುವುದಿಲ್ಲ. ಇನ್ನು ಅಜ್ಜಿಯಾದ ಮೇಲೆ ಆಕೆಯ ಹೆಸರು ‘ಧರ್ಮಮಾತೆ’ಯ ಅಂಕಣದಲ್ಲಿ ಮರಳಿ ಬರುತ್ತದೆ. ಸಮುದಾಯದ ರೂಢಿಯಂತೆ ಚೊಚ್ಚಲ ಮಗುವಿಗೆ ತಂದೆಯ ತಂದೆತಾಯಿಗಳೂ, ಎರಡನೆಯ ಮಗುವಿಗೆ ತಾಯಿಯ ತಂದೆತಾಯಿಗಳೂ ಧರ್ಮಪಿತೃಗಳಾಗುತ್ತಾರೆ. ತನ್ನ ಮದುವೆಯಲ್ಲಿ ಒಮ್ಮೆ ಹೆಸರು ಕಾಣಿಸಿ ಸುಮಾರು ಇಪ್ಪತ್ತೈದು ವರ್ಷ ಬರಿಯ ‘ತಾಯಿ’ಯಾಗಿ ದಾಖಲಾದವಳು ಆಗ ಸಾಕ್ಷಿಯಾಗಿ, ಹೊಣೆಗಾರಳಾಗಿ ಮತ್ತೆ ದಾಖಲೆಗೆ ಪ್ರವೇಶಿಸುತ್ತಾಳೆ.

ಹೆಸರಿನ ಆವರ್ತನ

ನಾಮಕರಣದ ಪದ್ಧತಿಯೂ ಇದಕ್ಕೆ ಹೊಂದಿಕೊಂಡಿದೆ. ಮೊದಲ ಗಂಡು ಮೊಮ್ಮಗನಿಗೆ ತಂದೆಯ ಕಡೆಯ ಅಜ್ಜನ ಹೆಸರು, ಮೊದಲ ಹೆಣ್ಣು ಮೊಮ್ಮಗಳಿಗೆ ತಂದೆಯ ಕಡೆಯ ಅಜ್ಜಿಯ ಹೆಸರು. ಅನಂತರದ ಮಕ್ಕಳಿಗೆ ತಾಯಿಯ ಕಡೆಯ ಅಜ್ಜ ಅಜ್ಜಿಯರ ಹೆಸರು. ಒಂದು ತಲೆಮಾರನ್ನು ಬಿಟ್ಟು ಮುಂದಿನ ತಲೆಮಾರಿನಲ್ಲಿ ಹೆಸರು ಮರಳುವ ಈ ಕ್ರಮವು ದಕ್ಷಿಣ ಭಾರತದ ಅನೇಕ ಸಮುದಾಯಗಳಿಗೆ ಸಮಾನವಾದುದು. ಸಂತರ ಹೆಸರುಗಳು ಯುರೋಪಿನಿಂದ ಬಂದವಾದರೂ ಅವು ತಿರುಗುವ ಚಕ್ರ ಈ ನೆಲದ್ದೇ ಆಗಿದೆ.

ಉಪನಾಮ ತಂದೆಯಿಂದ ಮಗನಿಗೆ ಹೋಗುತ್ತದೆ. ಹೆಣ್ಣಿನ ಉಪನಾಮ ಮದುವೆಯೊಂದಿಗೆ ಬದಲಾಗುತ್ತದೆ. ಆದರೆ ಆಕೆಯ ಹೆಸರು ಮಗನ ಮಗಳಿಗೂ ಮಗಳ ಮಗಳಿಗೂ ಸಂದು ಎರಡು ಮೂರು ಮನೆತನಗಳಲ್ಲಿ ಏಕಕಾಲಕ್ಕೆ ನೆಲೆಯೂರುತ್ತದೆ. ಉಪನಾಮವನ್ನು ಮಾತ್ರ ಅನುಸರಿಸುವ ವಂಶಾವಳಿಯಲ್ಲಿ ಅಜ್ಜಿ ಕಾಣಿಸುವುದಿಲ್ಲ. ಹೆಸರನ್ನು ಅನುಸರಿಸಿದರೆ ಕಾಣಿಸುತ್ತಾಳೆ. ಇಂದು ಆಧುನಿಕ ಹೆಸರುಗಳ ಆಕರ್ಷಣೆಯಿಂದ ಈ ಪದ್ಧತಿ ಸಡಿಲಗೊಂಡಿದ್ದರೂ ಎರಡನೆಯ ಅಥವಾ ಮೂರನೆಯ ಹೆಸರಾಗಿಯಾದರೂ ಅಜ್ಜಿಯ ಹೆಸರನ್ನು ಸೇರಿಸುವುದು ಅನೇಕ ಮನೆಗಳಲ್ಲಿ ಉಳಿದಿದೆ.

ಸಂಜೆಯ ತೇರ್ಸ್

ಅಜ್ಜಿಯ ದಿನಚರಿಯಲ್ಲಿ ಅತ್ಯಂತ ಮುಖ್ಯವಾದುದು ಸಂಜೆಯ ‘ತೇರ್ಸ್’ ಅಥವಾ ಜಪಸರದ ಪ್ರಾರ್ಥನೆ. ಕತ್ತಲಾಗುವಾಗ ಇಗರ್ಜಿಯ ಗಂಟೆ ಕೇಳಿದೊಡನೆ ಮನೆಮಂದಿಯೆಲ್ಲ ಕೈಕಾಲು ಮುಖ ತೊಳೆದು ಮನೆಯ ಪೀಠದ ಮುಂದೆ ಸೇರುತ್ತಿದ್ದರು. ಪೀಠದ ಮೇಲೆ ಶಿಲುಬೆ, ಮಾತೆ ಮರಿಯಳ ಪ್ರತಿಮೆ, ಸಂತರ ಚಿತ್ರಗಳು, ಒಂದು ಎಣ್ಣೆಯ ದೀಪ. ಪ್ರಾರ್ಥನೆಯನ್ನು ಮುನ್ನಡೆಸುವವಳು ಸಾಮಾನ್ಯವಾಗಿ ಅಜ್ಜಿ.

‘ತೇರ್ಸ್’ ಎಂಬ ಪದ ಪೋರ್ಚುಗೀಸಿನ ‘ತೆರ್ಸೊ’ ಎಂಬುದರಿಂದ ಬಂದದ್ದು. ಅದರ ಅರ್ಥ ಮೂರನೆಯ ಒಂದು ಪಾಲು. ಪೂರ್ಣ ಜಪಸರದಲ್ಲಿ ಯೇಸುವಿನ ಹಾಗೂ ಮರಿಯಳ ಬದುಕಿಗೆ ಸಂಬಂಧಿಸಿದ ಹದಿನೈದು ರಹಸ್ಯಗಳಿದ್ದು, ದಿನಕ್ಕೆ ಐದರಂತೆ ಧ್ಯಾನಿಸುವುದರಿಂದ ಈ ಹೆಸರು ಬಂದಿತು. 2002ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಅವರು ಇನ್ನೂ ಐದು ರಹಸ್ಯಗಳನ್ನು ಸೇರಿಸಿದ ಮೇಲೆ ಒಟ್ಟು ಇಪ್ಪತ್ತಾಗಿ, ಲೆಕ್ಕದ ಪ್ರಕಾರ ಅದು ನಾಲ್ಕನೆಯ ಒಂದು ಪಾಲಾಯಿತು. ಆದರೂ ಬಾಯಿಮಾತಿನಲ್ಲಿ ತೇರ್ಸ್ ತೇರ್ಸಾಗಿಯೇ ಉಳಿಯಿತು. ನಾಲ್ಕು ಶತಮಾನಗಳ ಹಿಂದಿನ ಗಣಿತವೊಂದು ಮನೆಮಾತಿನ ಪದದಲ್ಲಿ ಹೀಗೆ ಸುರಕ್ಷಿತವಾಗಿದೆ.

ಜಪಸರದ ಐದು ದಶಕಗಳಲ್ಲಿ ಒಂದೇ ಪ್ರಾರ್ಥನೆ ಹತ್ತು ಹತ್ತು ಸಲ ಪುನರಾವೃತ್ತಿಯಾಗುತ್ತದೆ. ಮೊದಲ ಭಾಗವನ್ನು ಅಜ್ಜಿ ಹೇಳಿದರೆ ಉತ್ತರಭಾಗವನ್ನು ಉಳಿದವರು ಹೇಳುತ್ತಾರೆ. ಪುನರಾವೃತ್ತಿ ಹಾಗೂ ಸವಾಲ್-ಜವಾಬಿನ ಈ ರಚನೆ ಮೌಖಿಕ ಪರಂಪರೆಯ ಮೂಲಭೂತ ಲಕ್ಷಣ. ಅಕ್ಷರ ಬಾರದವಳೂ ಇದರಲ್ಲಿ ಪೂರ್ಣ ಪಾರಂಗತಳಾಗಬಲ್ಲಳು. ನಿದ್ದೆಗಣ್ಣಿನ ಮಗುವೂ ಕೇಳಿಕೇಳಿ ಕಲಿಯಬಲ್ಲದು. ಕೈಯಲ್ಲಿ ಮಣಿಸರವಿಲ್ಲದಿದ್ದರೆ ಹತ್ತು ಬೆರಳುಗಳೇ ಸಾಕು. ಪುಸ್ತಕ, ಪಾದ್ರಿ, ಪೀಠ ಯಾವುದೂ ಇಲ್ಲದೆ ನಡೆಯಬಲ್ಲ ಪೂಜಾವಿಧಿ ಇದು. 1784ರಿಂದ 1799ರವರೆಗಿನ ಅವಧಿಯನ್ನು ಈ ಸಮುದಾಯ ಹೇಗೆ ದಾಟಿತೆಂಬ ಪ್ರಶ್ನೆಗೆ ಈ ರಚನೆಯಲ್ಲಿಯೇ ಒಂದು ಉತ್ತರವಿದೆಯೆಂದು ನನ್ನ ಅಭಿಪ್ರಾಯ.

ತೇರ್ಸಿನ ಕೊನೆಗೆ ಅಜ್ಜಿ ಸೇರಿಸುವ ಪ್ರಾರ್ಥನೆಗಳ ಪಟ್ಟಿ ಚಿಂತನಾರ್ಹವಾದುದು. ತೀರಿಹೋದ ಹಿರಿಯರಿಗೆ, ಮುಂಬಯಿಯಲ್ಲಿರುವ ಮಗನಿಗೆ, ಬಸಿರಿಯಾದ ಸೊಸೆಗೆ, ಸಾಲದಲ್ಲಿರುವ ನೆರೆಮನೆಯವನಿಗೆ, ಕೆಚ್ಚಲು ಬಾತ ಹಸುವಿಗೆ ಕೂಡ ಒಂದೊಂದು ಜಪ ಮೀಸಲು. ಪ್ರತಿದಿನ ಪರಿಷ್ಕರಣಗೊಳ್ಳುವ ಈ ಪಟ್ಟಿ ಕುಟುಂಬದ ಮೌಖಿಕ ಇತಿಹಾಸವೇ ಸರಿ. ತೇರ್ಸ್ ಮುಗಿದ ಮೇಲೆ ಕಿರಿಯರು ಕೈಜೋಡಿಸಿ ಹಿರಿಯರಲ್ಲಿ ‘ಬೆಸಾಂವ್’ ಅಂದರೆ ಆಶೀರ್ವಾದವನ್ನು ಬೇಡುತ್ತಾರೆ. ಜಗಳವಾಡಿದ ಅಣ್ಣತಮ್ಮಂದಿರೂ ಮುನಿದ ಸೊಸೆಯೂ ಆ ಗಳಿಗೆಯಲ್ಲಿ ಅಜ್ಜಿಯ ಮುಂದೆ ಬಾಗಲೇಬೇಕಾಗಿತ್ತು. ನಲವತ್ತು ಜನರಿದ್ದ ಅವಿಭಕ್ತ ಮನೆಯಾಗಲಿ, ಗೇಣಿದಾರನ ಮುಳಿಹುಲ್ಲಿನ ಮನೆಯಾಗಲಿ ಇದೇ ನಿತ್ಯದ ನ್ಯಾಯಪೀಠ.

ವೊವಿಯೊ ಮತ್ತು ರೋಸ್

ಮದುವೆಯ ಮುನ್ನಾದಿನ ವಧುವಿಗೂ ವರನಿಗೂ ಅವರವರ ಮನೆಯಲ್ಲಿ ನಡೆಯುವ ‘ರೋಸ್’ ಶಾಸ್ತ್ರದಲ್ಲಿ ತೆಂಗಿನಹಾಲು, ಎಣ್ಣೆಗಳನ್ನು ಹಚ್ಚಿ ಮೀಯಿಸುತ್ತಾರೆ. ಕನ್ಯತ್ವದಿಂದ ಗೃಹಸ್ಥಿತಿಗೆ ದಾಟಿಸುವ ಈ ವಿಧಿಯು 1909ರಲ್ಲಿ ಆರ್ನಲ್ಡ್ ವಾನ್ ಜೆನೆಪ್ ನಿರೂಪಿಸಿದ ಸಂಕ್ರಮಣಾಚರಣೆಯ ಲಕ್ಷಣಗಳನ್ನೆಲ್ಲ ಒಳಗೊಂಡಿದೆ. ಚರ್ಚಿನಲ್ಲಿ ನಡೆಯುವುದು ಸಂಸ್ಕಾರ. ಅದರ ಅಧ್ಯಕ್ಷ ಪಾದ್ರಿ. ಮನೆಯಲ್ಲಿ ನಡೆಯುವುದು ಶಾಸ್ತ್ರ. ಅದರ ಅಧ್ಯಕ್ಷೆ ಹಾಡು ಬಲ್ಲ ಹಿರಿಯ ಹೆಂಗಸು.

ಈ ಸಂದರ್ಭದಲ್ಲಿ ಹಾಡುವ ವೊವಿಯೊಗಳು ಮರಾಠಿಯ ‘ಓವಿ’ಗೆ ಸಹೋದರ ಪ್ರಕಾರ, ಕನ್ನಡದ ತ್ರಿಪದಿಗೆ ನೆರೆಮನೆಯವು. ಒಬ್ಬಳು ಎತ್ತಿಕೊಟ್ಟ ಸಾಲನ್ನು ಗುಂಪು ಹಿಂಬಾಲಿಸುತ್ತದೆ. ಶಿಲುಬೆಯ ಗುರುತು, ತ್ರೈಏಕ ದೇವರು ಹಾಗೂ ಮಾತೆ ಮರಿಯಳ ಸ್ಮರಣೆಯಿಂದ ತೊಡಗಿ ಚಪ್ಪರ, ತೆಂಗು, ಮಲ್ಲಿಗೆ, ತಾಯಿಯ ಕಣ್ಣೀರು, ತವರಿನ ಅಗಲಿಕೆ, ಬೀಗರ ಹಾಸ್ಯಗಳವರೆಗೆ ಇವುಗಳ ವಸ್ತು ಹರಡಿಕೊಂಡಿದೆ. ಸನ್ನಿವೇಶಕ್ಕೆ ತಕ್ಕಂತೆ ವಧೂವರರ ಹೆಸರು, ಮನೆಯ ಹೆಸರು, ಹಿರಿಯರ ಗುಣಗಳನ್ನು ಹೊಸೆಯುವ ಆಶುಶಕ್ತಿ ಹಾಡುಗಾರ್ತಿಗೆ ಬೇಕು. 1736ರ ಶಾಸನ ನಿಷೇಧಿಸಿದ ಹಾಡಿನ ಪ್ರಕಾರವೊಂದು ಎರಡೂವರೆ ಶತಮಾನಗಳ ಕಾಲ ಮುದ್ರಣದ ನೆರವನ್ನು ಹೆಚ್ಚು ಪಡೆಯದೆ ಬಾಯಿಂದ ಬಾಯಿಗೆ ಉಳಿಯಿತೆಂಬುದು ಇಂತಹ ಅಜ್ಜಿಯರ ದೊಡ್ಡ ಸಾಧನೆ. ಹಾಗೆಂದು ಅವರು ಅದನ್ನು ಪ್ರತಿಭಟನೆಯೆಂದು ಎಣಿಸಲಿಲ್ಲ. ರೋಸಿಗೂ ಮೊದಲು ತೇರ್ಸ್ ಹೇಳುವುದೂ, ಮರುದಿನ ಪೂಜೆಯಲ್ಲಿ ಮೊಣಕಾಲೂರುವುದೂ ಅವರಿಗೆ ಒಂದೇ ಭಕ್ತಿಯ ಅಂಗಗಳಾಗಿದ್ದವು.

ಈ ಚಿತ್ರವನ್ನು ಆದರ್ಶೀಕರಿಸುವುದು ತರವಲ್ಲ. ಮದುವೆಯಲ್ಲಿ ಧರಿಸಿದ ಕರಿಮಣಿಯ ‘ಪಿರ್ದುಕ್’ ಸರವನ್ನು ಗಂಡ ತೀರಿಕೊಂಡಾಗ ತೆಗೆಯಬೇಕಾಗಿತ್ತು; ಬಣ್ಣದ ಸೀರೆಗಳು ಪೆಟ್ಟಿಗೆ ಸೇರುತ್ತಿದ್ದವು; ಶುಭಶಾಸ್ತ್ರಗಳ ಮುಂಚೂಣಿಯಿಂದ ವಿಧವೆಯನ್ನು ದೂರವಿಡುವ ರೂಢಿಯೂ ಇತ್ತು. ಹಾಡು ಬಲ್ಲ ಅಜ್ಜಿ ವಿಧವೆಯಾದಾಗ ಹಿಂದೆ ಕುಳಿತು ಮರೆತ ಸಾಲನ್ನು ನೆನಪಿಸುವವಳಾಗುತ್ತಿದ್ದಳು. ವಿಧವೆಯ ಪುನರ್ವಿವಾಹಕ್ಕೆ ಚರ್ಚಿನ ನಿಯಮದಲ್ಲಿ ತಡೆಯಿಲ್ಲದಿದ್ದರೂ ಸಮಾಜದ ನಡೆವಳಿಕೆ ನೆರೆಯ ಮೇಲ್ಜಾತಿಗಳನ್ನೇ ಹೋಲುತ್ತಿತ್ತು. ಗೋವೆಯಿಂದ ಬಂದ ಜಾತಿಭೇದಗಳು ಸಮುದಾಯದೊಳಗೆ ಮುಂದುವರಿದು, ಯಾರ ಮನೆಯ ಅಜ್ಜಿ ಎಂಬುದರ ಮೇಲೆ ಆಕೆಗೆ ಸಲ್ಲುವ ಗೌರವವೂ ನಿರ್ಧಾರವಾಗುತ್ತಿತ್ತು.

ಅಜ್ಜಿಯ ಪಂಚಾಂಗ

ಗೋಡೆಯ ಕ್ಯಾಲೆಂಡರು ಮನೆಮನೆಗೆ ಬರುವ ಮೊದಲು ಹಬ್ಬ, ಉಪವಾಸ, ಶ್ರಾದ್ಧದ ದಿನಗಳ ಲೆಕ್ಕ ಅಜ್ಜಿಯಲ್ಲಿತ್ತು. ಈ ಪಂಚಾಂಗದಲ್ಲಿ ಪೂಜಾವರ್ಷವೂ ಬೇಸಾಯದ ವರ್ಷವೂ ಬೆರೆತಿದ್ದವು. ಇದಕ್ಕೆ ಸೆಪ್ಟೆಂಬರ್ 8ರ ‘ಮೊಂತಿ ಫೆಸ್ತ್’ ಅತ್ಯುತ್ತಮ ನಿದರ್ಶನ. ಮಾತೆ ಮರಿಯಳ ಜನ್ಮದಿನವಾದ ಅಂದು ಹೊಸ ಭತ್ತದ ತೆನೆಯನ್ನು ಇಗರ್ಜಿಯಲ್ಲಿ ಆಶೀರ್ವದಿಸಿ ಮನೆಗೆ ತರುತ್ತಾರೆ. ಅದಕ್ಕೂ ಮೊದಲ ಒಂಬತ್ತು ದಿನ ಮಕ್ಕಳು ಬುಟ್ಟಿಗಳಲ್ಲಿ ಹೂ ತಂದು ಮಾತೆಯ ಪ್ರತಿಮೆಗೆ ಅರ್ಪಿಸುತ್ತಾರೆ. ಹೊಸ ಅಕ್ಕಿಯ ಕಾಳುಗಳನ್ನು ಹಾಲಿನಲ್ಲಿ ಬೆರೆಸಿ ಎಲ್ಲರೂ ಸೇವಿಸುತ್ತಾರೆ. ಬಾಳೆಯೆಲೆಯ ಮೇಲೆ ಸಸ್ಯಾಹಾರದ ಊಟ ನಡೆಯುತ್ತದೆ. ಫರಂಗಿಪೇಟೆಯ ಮೊಂತೆ ಮರಿಯಾನೊ ಚರ್ಚಿನಲ್ಲಿ ಹದಿನೆಂಟನೆಯ ಶತಮಾನದಲ್ಲಿ ಪಾದ್ರಿ ಜೋಕಿಂ ಮಿರಾಂದರು ಇದನ್ನು ಆರಂಭಿಸಿದರೆಂಬ ನಂಬಿಕೆಯಿದೆ. ತುಳುನಾಡಿನ ತೆನೆಹಬ್ಬ, ಹೊಸ ಅಕ್ಕಿ ಊಟಗಳೊಂದಿಗೆ ಇದರ ಸಾಮ್ಯ ಸ್ಪಷ್ಟವಾಗಿದೆ.

ಈ ಹಬ್ಬದಲ್ಲಿ ದೂರದೂರಿನ ಮಕ್ಕಳ ಪಾಲನ್ನು ತೆಗೆದಿರಿಸುವುದು ಗಮನಾರ್ಹ. ಆಶೀರ್ವದಿಸಿದ ತೆನೆಯ ನಾಲ್ಕು ಕಾಳುಗಳು ಲಕೋಟೆಯಲ್ಲಿ ಮುಂಬಯಿಗೂ, ಮುಂದೆ ಕೊಲ್ಲಿ ರಾಷ್ಟ್ರಗಳಿಗೂ ಅಂಚೆಯ ಮೂಲಕ ಹೋದವು. ಅಂಚೆಯ ಜೊತೆ ಹೋಗುತ್ತಿದ್ದ ಪತ್ರ ಕೊಂಕಣಿಯಲ್ಲಿ, ಕನ್ನಡ ಲಿಪಿಯಲ್ಲಿ ಇರುತ್ತಿತ್ತು. ಅಕ್ಷರ ಬಾರದ ಅಜ್ಜಿ ಶಾಲೆಗೆ ಹೋಗುವ ಮೊಮ್ಮಗಳಿಂದ ಬರೆಯಿಸುತ್ತಿದ್ದಳು. ಹಾಗೆಯೇ ಕ್ರಿಸ್ಮಸ್ ಕಾಲದ ‘ಕುಸ್ವಾರ್’ ತಿಂಡಿಗಳ ತಟ್ಟೆ ನೆರೆಯ ಹಿಂದೂ, ಮುಸ್ಲಿಂ ಮನೆಗಳಿಗೆ ಹೋಗಿ, ಅವರ ಹಬ್ಬಗಳಲ್ಲಿ ಮರಳಿ ತುಂಬಿಕೊಂಡು ಬರುತ್ತಿತ್ತು. ಯಾರ ಮನೆಗೆ ಎಷ್ಟು, ಯಾರ ಮನೆಯಲ್ಲಿ ಸೂತಕವಿದೆ ಎಂಬ ತಿಳಿವಳಿಕೆ ಅಜ್ಜಿಯದು. ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ಚರ್ಚಿಗೆ ಜನವರಿಯಲ್ಲಿ ಹರಕೆಯ ಮೇಣದಬತ್ತಿ ಹಿಡಿದು ಹೋಗುವವರಲ್ಲಿ ಎಲ್ಲ ಮತಗಳವರೂ ಇರುವುದು ಈ ನೆರೆಹೊರೆಯ ಧರ್ಮದ ವಿಸ್ತೃತ ರೂಪ. 2016ರಲ್ಲಿ ಅದು ಕಿರಿಯ ಬೆಸಿಲಿಕವೆಂಬ ಮಾನ್ಯತೆ ಪಡೆಯಿತು. ಆದರೆ ಜನಮನದ ಮಾನ್ಯತೆ ಅದಕ್ಕೂ ಬಹಳ ಹಿಂದಿನದು.

ದುಡಿಮೆ, ಆಸ್ತಿ, ವಲಸೆ

ಧರ್ಮಶ್ರದ್ಧೆಯ ಹೆಂಗಸೆಂದರೆ ದುಡಿಮೆಯ ಹೆಂಗಸೂ ಹೌದೆಂಬುದನ್ನು ಮರೆಯಲಾಗದು. ನಾಟಿ, ಕೊಯ್ಲು, ಹೈನು, ಮಲ್ಲಿಗೆ ಕಟ್ಟುವುದು, ಬೀಡಿ ಸುತ್ತುವುದು, ಗೇರುಬೀಜದ ಹಾಗೂ ಹಂಚಿನ ಕಾರ್ಖಾನೆಗಳ ಕೂಲಿ ಇವುಗಳಿಂದ ಬಂದ ಬಿಡಿಕಾಸು ಮಕ್ಕಳ ಶಾಲಾ ಶುಲ್ಕವಾಯಿತು. 1870ರಲ್ಲಿ ಮಂಗಳೂರಿಗೆ ಬಂದ ಅಪೊಸ್ತೊಲಿಕ್ ಕಾರ್ಮೆಲ್ ಭಗಿನಿಯರ ಶಾಲೆಗಳೂ, 1880ರಲ್ಲಿ ಆರಂಭವಾದ ಸಂತ ಅಲೋಶಿಯಸ್ ಕಾಲೇಜೂ, 1921ರ ಸಂತ ಆಗ್ನೆಸ್ ಮಹಿಳಾ ಕಾಲೇಜೂ ಈ ಸಮುದಾಯದ ವಿದ್ಯಾಭ್ಯಾಸಕ್ಕೆ ದಾರಿ ತೆರೆದವು. ಆದರೆ ಆ ದಾರಿಯಲ್ಲಿ ಮಕ್ಕಳನ್ನು ಕಳುಹಿಸಿದ ಅನೇಕ ತಾಯಂದಿರು ಸ್ವತಃ ನಾಲ್ಕನೆಯ ತರಗತಿ ದಾಟಿದವರಲ್ಲ.

ಆಸ್ತಿಯ ವಿಷಯದಲ್ಲಿ ಕಾನೂನಿಗೂ ರೂಢಿಗೂ ಅಂತರವಿತ್ತು. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಉಯಿಲು ಬರೆಯದೆ ತೀರಿಕೊಂಡ ಕ್ರೈಸ್ತನ ವಿಧವೆಗೆ ಮೂರನೆಯ ಒಂದು ಪಾಲೂ, ಉಳಿದುದರಲ್ಲಿ ಗಂಡು ಹೆಣ್ಣು ಮಕ್ಕಳಿಗೆ ಸಮಪಾಲೂ ಸಲ್ಲಬೇಕು. ವಾಸ್ತವದಲ್ಲಿ ಹೆಣ್ಣುಮಕ್ಕಳಿಗೆ ‘ದೋತ್’ ಅಂದರೆ ವರದಕ್ಷಿಣೆ ಕೊಟ್ಟಾಯಿತೆಂದು ಭೂಮಿ ಗಂಡುಮಕ್ಕಳಲ್ಲಿಯೇ ಉಳಿಯುತ್ತಿತ್ತು; ಅಜ್ಜಿಯ ಪಾಲು ಹಿರಿಮಗನ ಮನೆಯ ಕೋಣೆಯೊಂದಕ್ಕೆ ಸೀಮಿತವಾಗುತ್ತಿತ್ತು. 1974ರ ಭೂಸುಧಾರಣೆಯಿಂದ ಗೇಣಿದಾರ ಕುಟುಂಬಗಳು ಒಡೆತನ ಪಡೆದಾಗ, ಆ ಗದ್ದೆಯಲ್ಲಿ ಯಾರು ಯಾವಾಗಿನಿಂದ ಉತ್ತಿದ್ದರು, ಗೇಣಿ ಎಷ್ಟು ಮುಡಿ ಅಕ್ಕಿ ಎಂಬುದಕ್ಕೆ ಮನೆಯ ಹಿರಿಯರ ನೆನಪೇ ಆಧಾರವಾಗುತ್ತಿತ್ತು.

ಗಂಡಸರು ಮುಂಬಯಿಗೆ, ಪೂರ್ವ ಆಫ್ರಿಕಕ್ಕೆ, 1970ರ ದಶಕದಿಂದ ಕೊಲ್ಲಿಗೆ ಹೋದಂತೆ ಮನೆಯ ಯಜಮಾನಿಕೆಯ ಹೊಣೆ ಅಜ್ಜಿಯ ಹೆಗಲೇರಿತು. ಮೊಮ್ಮಕ್ಕಳ ಧರ್ಮಶಿಕ್ಷಣ, ಮೊದಲ ಪರಮಪ್ರಸಾದದ ಸಿದ್ಧತೆ, ಬ್ಯಾಂಕಿನ ಹಣದ ಲೆಕ್ಕ ಎಲ್ಲವೂ ಆಕೆಯದೇ ಆಯಿತು. ಹೊರಗಿನ ಹಣ ಊರಿನ ಚರ್ಚುಗಳನ್ನು ಹೊಸದಾಗಿ ಕಟ್ಟಿತು. ಶಿಲಾಫಲಕದಲ್ಲಿ ದಾನಿಯ ಹೆಸರಿದೆ. ಮಗನಿಗೆ ದಾನವನ್ನು ನೆನಪಿಸಿದ ತಾಯಿಯ ಹೆಸರಿಲ್ಲ.

ಲ್ಯಾಟಿನ್ನಿನಿಂದ ಕೊಂಕಣಿಗೆ

ಇಪ್ಪತ್ತನೆಯ ಶತಮಾನದ ಈ ಅಜ್ಜಿ ಕಂಡ ಅತಿ ದೊಡ್ಡ ಧಾರ್ಮಿಕ ಪಲ್ಲಟವೆಂದರೆ 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ಪರಿಣಾಮ. ಅದಕ್ಕೂ ಮೊದಲು ಪಾದ್ರಿ ಪೀಠದ ಕಡೆಗೆ ಮುಖಮಾಡಿ ಲ್ಯಾಟಿನ್ನಿನಲ್ಲಿ ಪೂಜೆ ಅರ್ಪ

ಿಸುತ್ತಿದ್ದರು. ತಲೆಯ ಮೇಲೆ ಸೆರಗು ಹೊದ್ದು ಕುಳಿತ ಹೆಂಗಸರು ಅರ್ಥವಾಗದ ಆ ಭಾಷೆಯ ನಡುವೆ ತಮ್ಮಷ್ಟಕ್ಕೆ ಕೊಂಕಣಿಯಲ್ಲಿ ಜಪಸರ ಎಣಿಸುತ್ತಿದ್ದರು. ಮಹಾಸಭೆಯ ಬಳಿಕ ಪೂಜೆ ಮನೆಮಾತಿಗೆ ಬಂದಿತು. ಇದನ್ನು ಸಾಮಾನ್ಯವಾಗಿ ಸುಧಾರಣೆಯೆಂದು ವರ್ಣಿಸುತ್ತಾರೆ. ಅಜ್ಜಿಯ ಕಡೆಯಿಂದ ನೋಡಿದರೆ, ಶತಮಾನಗಳಿಂದ ಮನೆಯ ಪೀಠದ ಮುಂದೆ ಆಕೆ ಬಳಸುತ್ತಿದ್ದ ಭಾಷೆಗೆ ಇಗರ್ಜಿಯ ಪೀಠವೂ ಬಂದು ಸೇರಿತು.

ಮುದ್ರಣವೂ ಇದಕ್ಕೆ ಹಿನ್ನೆಲೆ ಒದಗಿಸಿತ್ತು. ಜೆಸ್ವಿತ್ ಪಾದ್ರಿ ಆಂಜೆಲಸ್ ಮಾಫೆಯಿ ಅವರ ಕೊಂಕಣಿ ವ್ಯಾಕರಣ 1882ರಲ್ಲಿಯೂ ಕೋಶ 1883ರಲ್ಲಿಯೂ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂದವು. 1912ರಲ್ಲಿ ‘ಕೊಂಕಣಿ ದಿರ್ವೆಂ’, 1938ರಲ್ಲಿ ‘ರಾಕ್ಣೊ’ ಪತ್ರಿಕೆಗಳು ಕನ್ನಡ ಲಿಪಿಯ ಕೊಂಕಣಿಯನ್ನು ಮನೆಗಳಿಗೆ ಒಯ್ದವು. ಅಂದಿನ ಅಜ್ಜಿಯರಲ್ಲಿ ಎಷ್ಟೋ ಮಂದಿ ಕನ್ನಡ ಅಕ್ಷರ ಕಲಿತದ್ದು ಪ್ರಾರ್ಥನೆಯ ಪುಸ್ತಕ ಹಾಗೂ ಇಂತಹ ಪತ್ರಿಕೆಗಳನ್ನು ಓದುವುದಕ್ಕಾಗಿ.

ಅನಂತರದ ದಶಕಗಳಲ್ಲಿ ದೂರದರ್ಶನದ ಧಾರಾವಾಹಿ ತೇರ್ಸಿನ ವೇಳೆಯನ್ನು ಆಕ್ರಮಿಸಿತು; ಕುಟುಂಬಗಳು ಚಿಕ್ಕವಾದವು; ರೋಸ್ ಸಭಾಂಗಣಕ್ಕೆ ಹೋಯಿತು; ವೊವಿಯೊಗಳನ್ನು ಬಾಡಿಗೆಯ ತಂಡ ಧ್ವನಿವರ್ಧಕದಲ್ಲಿ ಹಾಡತೊಡಗಿತು. 1986ರಲ್ಲಿ ಸ್ಥಾಪನೆಯಾದ ಮಾಂಡ್ ಸೊಭಾಣ್, 1994ರಲ್ಲಿ ಆರಂಭವಾದ ಕರ್ನಾಟಕ ಕೊಂಕಣಿ ಸಾಹಿತ್ಯ ಅಕಾಡೆಮಿ ಮೊದಲಾದ ಸಂಸ್ಥೆಗಳು ಸಂಗ್ರಹ ಹಾಗೂ ಪ್ರದರ್ಶನಗಳ ಮೂಲಕ ಈ ಪರಂಪರೆಗೆ ಹೊಸ ವೇದಿಕೆ ಕಲ್ಪಿಸಿವೆ. ಆದರೆ ವೇದಿಕೆಯ ಹಾಡಿಗೂ ಹೆಸರು ಹೊಸೆದು ಹಾಡುವ ಅಜ್ಜಿಯ ಹಾಡಿಗೂ ಅಂತರವಿದೆ. ಮೊದಲನೆಯದು ಪಠ್ಯ, ಎರಡನೆಯದು ಸಂಬಂಧ.

2020ರ ಮಾರ್ಚ್ ಕೊನೆಯಲ್ಲಿ ಕೊರೊನಾ ಸೋಂಕಿನ ಕಾರಣ ಚರ್ಚುಗಳ ಬಾಗಿಲು ಮುಚ್ಚಿ, ಪವಿತ್ರ ವಾರದ ವಿಧಿಗಳಿಗೂ ಜನ ಸೇರಲಾಗಲಿಲ್ಲ. 1784ರ ವಿಪತ್ತಿಗೂ ಇದಕ್ಕೂ ಹೋಲಿಕೆಯಿಲ್ಲ. ಕಾರಣವೂ ಯಾತನೆಯೂ ಬೇರೆ. ಆದರೂ ಜಾನಪದದ ದೃಷ್ಟಿಯಿಂದ ಒಂದು ಅಂಶ ಸಮಾನವಾಗಿದೆ. ಇಗರ್ಜಿ ಇಲ್ಲವಾದಾಗ ಪೂಜೆ ಮನೆಗೆ ಮರಳಿತು. ತೇರ್ಸನ್ನು ಪುಸ್ತಕ ನೋಡದೆ ಮುನ್ನಡೆಸಬಲ್ಲವರು ಯಾರೆಂದು ಹುಡುಕಿದಾಗ ಅನೇಕ ಮನೆಗಳಲ್ಲಿ ಕಣ್ಣು ಹೋದದ್ದು ಮೂಲೆಯ ಮಂಚದಲ್ಲಿದ್ದ ಅಜ್ಜಿಯ ಕಡೆಗೆ.

ಉಪಸಂಹಾರ

ವೃದ್ಧಾಪ್ಯದಲ್ಲಿ ಇಗರ್ಜಿಗೆ ನಡೆಯಲಾಗದ ಅಜ್ಜಿಗೆ ಪಾದ್ರಿಯೇ ಪರಮಪ್ರಸಾದವನ್ನು ಮನೆಗೆ ತರುತ್ತಾರೆ. ಬಿಳಿ ಬಟ್ಟೆ ಹಾಸಿದ ಮೇಜು, ಉರಿಯುವ ಮೇಣದಬತ್ತಿ. ಜೀವನವಿಡೀ ಆಕೆ ಹೋದಲ್ಲಿಂದ ಈಗ ಇಗರ್ಜಿ ಆಕೆಯ ಬಳಿಗೆ ಬರುತ್ತದೆ. ಕೊನೆಗೆ ಸಾವಿನ ಗಂಟೆ, ವಾಡೆಯವರ ತೇರ್ಸ್, ಮಣ್ಣು. ಮರಣದ ದಫ್ತರದಲ್ಲಿ ಹೆಸರು, ಗಂಡನ ಹೆಸರು, ವಯಸ್ಸು, ಅಂತಿಮ ಸಂಸ್ಕಾರಗಳು ಸಂದವೆಂಬ ಒಂದು ಮಾತು. ಅಲ್ಲಿಗೆ ಲಿಖಿತ ದಾಖಲೆ ಮುಗಿಯುತ್ತದೆ.

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಒಂದು, ವಂಶದ ನೆನಪು, ಹಬ್ಬಗಳ ಪಂಚಾಂಗ, ಮೌಖಿಕ ಪೂಜಾವಿಧಿ ಈ ಮೂರನ್ನೂ ಅಜ್ಜಿ ಏಕಕಾಲಕ್ಕೆ ಹೊತ್ತಿದ್ದಳು; ಇದರಿಂದಲೇ ಚರ್ಚು ಮುರಿದ ಕಾಲದಲ್ಲಿಯೂ ಧರ್ಮ ಮುರಿಯಲಿಲ್ಲ. ಎರಡು, ಆಕೆಯ ಭಕ್ತಿ ವಿಧೇಯತೆ ಮಾತ್ರವಲ್ಲ, ಆಯ್ಕೆಯೂ ಆಗಿತ್ತು. ನಿಷೇಧಿತ ಹಾಡನ್ನೂ ವಿಹಿತ ಪ್ರಾರ್ಥನೆಯನ್ನೂ ಒಂದೇ ಪೀಠದ ಮುಂದೆ ಇರಿಸಿದವಳು ಆಕೆ. ಮೂರು, ದಫ್ತರವೊಂದರಿಂದಲೋ ನೆನಪೊಂದರಿಂದಲೋ ಆಕೆಯ ಚರಿತ್ರೆ ದೊರೆಯದು. ದಫ್ತರದಲ್ಲಿ ಇಸವಿಯುಂಟು, ದನಿಯಿಲ್ಲ. ನೆನಪಿನಲ್ಲಿ ದನಿಯುಂಟು, ಇಸವಿಯಿಲ್ಲ. ಎರಡನ್ನೂ ಕೂಡಿಸಿ ಓದಿದಾಗ ಮಾತ್ರ ಬಾಳು ಕಾಣುತ್ತದೆ.

ಇದಕ್ಕೆ ಕಾಲಾವಕಾಶ ಹೆಚ್ಚಿಲ್ಲ. ಲ್ಯಾಟಿನ್ ಪೂಜೆಯ ಕಾಲದಲ್ಲಿ ಮದುವೆಯಾಗಿ ತಾಯಿಯಾದವರು ಇಂದು ಎಂಬತ್ತು ದಾಟಿದ್ದಾರೆ. ಧರ್ಮಕೇಂದ್ರಗಳ ದಫ್ತರಗಳನ್ನು ಸಂರಕ್ಷಿಸುವುದರ ಜೊತೆಗೆ, ಪ್ರತಿ ವಾಡೆಯಲ್ಲಿ ಉಳಿದಿರುವ ಇಂತಹ ಹಿರಿಯರಿಂದ ವೊವಿಯೊಗಳನ್ನು ಮಾತ್ರವಲ್ಲದೆ, ತೇರ್ಸಿನ ಕೊನೆಯಲ್ಲಿ ಅವರು ಸೇರಿಸುತ್ತಿದ್ದ ಹೆಸರುಗಳ ಪಟ್ಟಿಯನ್ನೂ ಕೇಳಿ ಬರೆದುಕೊಳ್ಳಬೇಕು. ಆ ಪಟ್ಟಿಯಲ್ಲಿ ಸತ್ತ ಶಿಶುಗಳಿದ್ದಾರೆ, ಮರಳಿ ಬಾರದ ವಲಸಿಗರಿದ್ದಾರೆ, ಜಾತಿಮತ ಬೇರೆಯಾದ ನೆರೆಯವರಿದ್ದಾರೆ. ಕರಾವಳಿಯ ಸಾಮಾಜಿಕ ಇತಿಹಾಸವನ್ನು ಬರೆಯ ಹೊರಟವರಿಗೆ ಅದಕ್ಕಿಂತ ಮಿಗಿಲಾದ ಆಕರ ದೊರೆಯಲಾರದು. ಕನ್ನಡ ಜಾನಪದವು ತನ್ನ ಗರತಿಯರ ಸಾಲಿಗೆ ಈ ಅಜ್ಜಿಯನ್ನೂ ಸೇರಿಸಿಕೊಂಡಾಗ ಆ ಸಾಲು ಇನ್ನಷ್ಟು ಪೂರ್ಣವಾಗುತ್ತದೆ.